ಹೆಸರೂ ಒಡೆತನವೂ: ಮೋಟಾರು ವಾಹನದ ಹಕ್ಕುವರ್ಗಾವಣೆಯ ಚರಿತ್ರೆ

2025ನೆಯ ನವೆಂಬರ್ 10ರ ಸಂಜೆ ದೆಹಲಿಯ ಕೆಂಪುಕೋಟೆಯ ಬಳಿ ಕಾರೊಂದು ಸ್ಫೋಟಗೊಂಡು ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡ ಸಂಗತಿಯನ್ನು ವಾಚಕರು ಮರೆತಿರಲಾರರು. ಆ ಘೋರಕೃತ್ಯವನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶವಲ್ಲ. ಅದರ ತನಿಖೆಯನ್ನು ರಾಷ್ಟ್ರೀಯ ತನಿಖಾ ದಳಕ್ಕೆ ವಹಿಸಲಾಯಿತು. ಅಪರಾಧಿಗಳಾರೆಂದು ಹೇಳತಕ್ಕದ್ದು ನ್ಯಾಯಸ್ಥಾನ. ನನ್ನ ಗಮನವನ್ನು ಸೆಳೆದದ್ದು ಬೇರೆಯೇ ಒಂದು ಅಂಶ. ಹರಿಯಾಣದ ಗುರುಗ್ರಾಮದಲ್ಲಿ ನೋಂದಣಿಯಾಗಿದ್ದ ಆ ಹಳೆಯ ಕಾರು ಕೈಯಿಂದ ಕೈಗೆ ಸಾಗಿತ್ತು. ಗುರುಗ್ರಾಮದ ಮಾಲೀಕರಿಂದ ಓಖ್ಲಾದ ಒಬ್ಬ ಖರೀದಿದಾರರಿಗೆ, ಅಲ್ಲಿಂದ ಅಂಬಾಲಕ್ಕೆ, ಅಲ್ಲಿಂದ ಪುಲ್ವಾಮಾಕ್ಕೆ ಎಂದು ಮೊದಲ ದಿನಗಳ ಪತ್ರಿಕೆಗಳು ವರದಿ ಮಾಡಿದುವು. ಪೊಲೀಸರು ಮೊಟ್ಟಮೊದಲು ಕರೆದು ವಿಚಾರಿಸಿದ್ದು ಗುರುಗ್ರಾಮದ ಆ ಮಾಲೀಕರನ್ನು. ಕಾರನ್ನು ಬಹಳ ಹಿಂದೆಯೇ ಮಾರಿಬಿಟ್ಟಿದ್ದೆನೆಂದು ಅವರು ಹೇಳಿದರು. ಒಂದು ವಾರದೊಳಗಾಗಿ ತನಿಖಾ ದಳವು, ಕಾರು ಯಾರ ಹೆಸರಿನಲ್ಲಿತ್ತೋ ಆತನನ್ನು ಬಂಧಿಸಲಾಗಿದೆಯೆಂದು ಬೇರೊಬ್ಬನ ಹೆಸರನ್ನು ಪ್ರಕಟಿಸಿತು. ಒಂದೇ ಕಾರು, ಆದರೆ ಅದರ ಒಡೆಯನಾರೆಂಬ ಪ್ರಶ್ನೆಗೆ ಮೊದಲ ದಿನ ಒಂದು ಉತ್ತರ, ಆರನೆಯ ದಿನ ಇನ್ನೊಂದು ಉತ್ತರ.

ಈ ಸರಪಳಿಯಲ್ಲಿ ಓಖ್ಲಾದ ಹೆಸರು ಕಾಣಿಸಿಕೊಂಡದ್ದು ಆ ಸ್ಥಳವನ್ನು ಬಲ್ಲವರಿಗೆ ಆಶ್ಚರ್ಯವೆನಿಸದು. 1874ರಲ್ಲಿ ಆಗ್ರಾ ಕಾಲುವೆಗೆ ನೀರು ಹಾಯಿಸಲು ಯಮುನೆಗೆ ಕಟ್ಟಿದ ಅಣೆಕಟ್ಟೆಯಿಂದ ಮೊದಲು ಹೆಸರಾದ ಈ ಊರು, 1950ರ ದಶಕದ ಕೊನೆಯಲ್ಲಿ ಕೈಗಾರಿಕಾ ವಸಾಹತುವಾಯಿತು. ಕಾರ್ಖಾನೆಗಳ ಸರಕಿನ ಲಾರಿ, ತರಕಾರಿ ಮಂಡಿಯ ಟೆಂಪೊ, ಕಚೇರಿಗೆ ಹೋಗಿಬರುವವರ ಹಳೆಯ ಕಾರು, ಇವೆಲ್ಲ ಬೆಳಗಿನಿಂದ ರಾತ್ರಿಯವರೆಗೆ ತಿರುಗುವ ಪ್ರದೇಶವಿದು. ಹರಿಯಾಣದ ಗಡಿ ಒಂದು ಕಡೆ, ಉತ್ತರ ಪ್ರದೇಶದ ಗಡಿ ಇನ್ನೊಂದು ಕಡೆ. ಎರಡೂ ಅರ್ಧ ಗಂಟೆಯ ಹಾದಿಯಲ್ಲಿವೆ. ಬೆಳಗ್ಗೆ ಮಾರಾಟವಾದ ಗಾಡಿ ಮಧ್ಯಾಹ್ನದೊಳಗೆ ಬೇರೊಂದು ರಾಜ್ಯದ ಕಾಯಿದೆಯ ಅಂಕೆಗೆ ಒಳಪಡಬಹುದು. ಗಾಡಿ ಗಡಿ ದಾಟುವಷ್ಟು ಸುಲಭವಾಗಿ ಕಾಗದ ದಾಟುವುದಿಲ್ಲವೆಂಬುದೇ ಇಲ್ಲಿನ ತೊಡಕು.

ಹಾಗಾದರೆ ವಾಹನದ ಒಡೆತನವೆಂಬುದು ಎಲ್ಲಿದೆ? ಗಾಡಿಯಲ್ಲಿದೆಯೋ, ಹಣ ಕೊಟ್ಟ ರಸೀದಿಯಲ್ಲಿದೆಯೋ, ಸರ್ಕಾರದ ರಿಜಿಸ್ಟರಿನಲ್ಲಿದೆಯೋ? ಇದು ಮೋಟಾರಿನೊಡನೆ ಹುಟ್ಟಿದ ಪ್ರಶ್ನೆಯೆಂದು ತಿಳಿಯುವುದು ಸರಿಯಲ್ಲ. ನಮ್ಮ ನಾಡಿನಲ್ಲಿಯೇ ಇದರ ಚರ್ಚೆ ಸುಮಾರು ಒಂಬೈನೂರು ವರ್ಷಗಳ ಹಿಂದೆ ನಡೆದಿದೆ.

ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಮಿತಾಕ್ಷರಾ ಎಂದೊಡನೆ ನಮಗೆ ನೆನಪಾಗುವುದು ಆಸ್ತಿಯ ಪಾಲುಪತ್ತಿನ ವಿಚಾರ ಮಾತ್ರ. ಇದಕ್ಕೆ ಕಾರಣವುಂಟು. 1810ರಲ್ಲಿ ಕೋಲ್‌ಬ್ರೂಕನು ಆ ಗ್ರಂಥದ ದಾಯಭಾಗವನ್ನಷ್ಟೇ ಇಂಗ್ಲಿಷಿಗೆ ಅನುವಾದಿಸಿದನು. ಕಂಪೆನಿಯ ನ್ಯಾಯಸ್ಥಾನಗಳಿಗೆ ಬೇಕಾದದ್ದೂ ಅಷ್ಟೇ. ಕೊಡುಕೊಳ್ಳುವಿಕೆಗೆ ಸಂಬಂಧಿಸಿದ ಅಧ್ಯಾಯಗಳು ಪಂಡಿತರ ಪೆಟ್ಟಿಗೆಯಲ್ಲಿ ಉಳಿದುಕೊಂಡುವು. ಆ ಅಧ್ಯಾಯಗಳಲ್ಲಿ ಒಂದು ಅಸ್ವಾಮಿವಿಕ್ರಯ, ಎಂದರೆ ಒಡೆಯನಲ್ಲದವನು ಮಾಡುವ ಮಾರಾಟ. ಹದಿನೆಂಟು ವ್ಯವಹಾರಪದಗಳಲ್ಲಿ ಇದನ್ನೂ ಒಂದಾಗಿ ನಮ್ಮ ಧರ್ಮಶಾಸ್ತ್ರಕಾರರು ಎಣಿಸಿದ್ದರು.

ಅಲ್ಲಿನ ವಿಧಿಯನ್ನು ನನ್ನ ಮಾತಿನಲ್ಲಿ ಸಂಗ್ರಹಿಸುತ್ತೇನೆ. ತನ್ನ ವಸ್ತುವನ್ನು ಬೇರೊಬ್ಬನು ಮಾರಿದ್ದರೆ ಒಡೆಯನು ಅದನ್ನು ಮರಳಿ ಪಡೆಯುತ್ತಾನೆ. ಕೊಂಡವನು ಬಹಿರಂಗವಾಗಿ ಕೊಳ್ಳದೆ ಹೋಗಿದ್ದರೆ ದೋಷ ಅವನದು. ಅಂತಹ ವಸ್ತುವನ್ನು ಹೊಂದಿರಲಾರದವನಿಂದ, ಗುಟ್ಟಾಗಿ, ತೀರ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನಿಗೆ ಸಮಾನ. ಕೊಂಡವನು ತನಗೆ ಮಾರಿದವನನ್ನು ತೋರಿಸಿಕೊಟ್ಟರೆ ಶುದ್ಧನಾಗುತ್ತಾನೆ; ಆಗ ಒಡೆಯನಿಗೆ ವಸ್ತು, ಅರಸನಿಗೆ ದಂಡ, ಕೊಂಡವನಿಗೆ ಮಾರಿದವನಿಂದ ಅವನು ಕೊಟ್ಟ ಬೆಲೆ. ಒಡೆಯನೆನ್ನುವವನಾದರೂ ಬರಿಯ ಬಾಯಿಮಾತಿನಿಂದ ಗೆಲ್ಲುವಂತಿಲ್ಲ. ವಸ್ತು ತನಗೆ ಬಂದ ಬಗೆಯನ್ನೂ, ಎಂದರೆ ಆಗಮವನ್ನೂ, ತಾನು ಅದನ್ನು ಅನುಭವಿಸಿದ್ದನ್ನೂ ಸಾಧಿಸಬೇಕು; ತಪ್ಪಿದರೆ ವಸ್ತುವಿನ ಐದನೆಯ ಒಂದು ಪಾಲು ದಂಡ. ಕಳೆದುಹೋದ ಅಥವಾ ಕದ್ದ ತನ್ನ ವಸ್ತುವನ್ನು ಇನ್ನೊಬ್ಬನ ಕೈಯಿಂದ ಅರಸನಿಗೆ ಅರಿಕೆ ಮಾಡದೆ ಕಿತ್ತುಕೊಂಡವನಿಗೂ ತೊಂಬತ್ತಾರು ಪಣಗಳ ದಂಡವುಂಟು. ಮಾರಾಟದ ವಿಷಯದಲ್ಲಿ ಹೇಳಿದ್ದು ದಾನಕ್ಕೂ ಒತ್ತೆಗೂ ಅನ್ವಯಿಸುತ್ತದೆಯೆಂದು ವಿಜ್ಞಾನೇಶ್ವರನು ವಿಸ್ತರಿಸುತ್ತಾನೆ. ಒತ್ತೆಯ ವ್ಯವಹಾರದಲ್ಲಿಯೇ ಬಾಳು ಸವೆಸುತ್ತಿರುವ ನನ್ನಂಥವನಿಗೆ ಈ ಒಂದು ವಾಕ್ಯ ಬಹಳ ರುಚಿಸಿತು.

ಇನ್ನೊಂದು ಕಡೆ ಆಗಮ ಹೆಚ್ಚೋ ಭುಕ್ತಿ ಹೆಚ್ಚೋ ಎಂಬ ಚರ್ಚೆ ಬರುತ್ತದೆ. ಸಾಮಾನ್ಯವಾಗಿ ಆಗಮವೇ ಬಲವತ್ತರ; ಆದರೆ ಎಳ್ಳಷ್ಟೂ ಭುಕ್ತಿಯಿಲ್ಲದ ಆಗಮಕ್ಕೆ ಬಲವಿಲ್ಲ. ಕಾಗದ ಒಬ್ಬನಲ್ಲಿ, ವಸ್ತು ಇನ್ನೊಬ್ಬನಲ್ಲಿ ಬಹುಕಾಲ ಇರಬಾರದೆಂಬ ಎಚ್ಚರ ಇದರಲ್ಲಿ ಅಡಗಿದೆ. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಏಕೆಂದರೆ ಇಪ್ಪತ್ತನೆಯ ಶತಮಾನದ ನಮ್ಮ ಮೋಟಾರು ಕಾಯಿದೆಯು ಇವೆರಡನ್ನೂ ಬದಿಗಿಟ್ಟು ಮೂರನೆಯದೊಂದನ್ನು ಸೃಷ್ಟಿಸಿತು. ಅದೇ ರಿಜಿಸ್ಟರಿನಲ್ಲಿರುವ ಹೆಸರು.

ಮೋಟಾರು ಬಂದ ಹೊಸತರಲ್ಲಿ ನೋಂದಣಿಗೆ ಒಡೆತನದೊಡನೆ ಸಂಬಂಧವಿರಲಿಲ್ಲ. ಇಂಗ್ಲೆಂಡಿನಲ್ಲಿ 1903ರ ಕಾಯಿದೆಯೂ, ಭಾರತದಲ್ಲಿ 1914ರ ಕಾಯಿದೆಯೂ ಗಾಡಿಗಳಿಗೆ ನಂಬರು ಕೊಟ್ಟದ್ದು ಅತಿವೇಗದಿಂದ ಓಡಿಸಿ ಪರಾರಿಯಾಗುವವರನ್ನು ಗುರುತು ಹಿಡಿಯುವುದಕ್ಕಾಗಿ. ತೆರಿಗೆ ವಸೂಲಿಗೂ ಅದು ಅನುಕೂಲವಾಯಿತು. ಒಡೆತನದ ಪ್ರಶ್ನೆಯನ್ನು ಸರಕುಗಳ ಸಾಮಾನ್ಯ ಕಾಯಿದೆಗೆ ಬಿಡಲಾಗಿತ್ತು. ಗಾಡಿಯೂ ಅಕ್ಕಿಯ ಮೂಟೆಯೂ ಆ ಕಾಯಿದೆಯ ಕಣ್ಣಿಗೆ ಒಂದೇ. ಭಾರತದ 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಉಭಯತ್ರರು ಎಂದು ಹಕ್ಕು ದಾಟಬೇಕೆಂದು ಉದ್ದೇಶಿಸುತ್ತಾರೋ ಅಂದು ದಾಟುತ್ತದೆ. ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬನಿಗೆ ಕೊಡಲಾರನೆಂಬ ತತ್ತ್ವ ಅದರ 27ನೆಯ ಕಲಮಿನಲ್ಲಿದೆ. ಇದು ಅಸ್ವಾಮಿವಿಕ್ರಯವೇ; ಹೆಸರು ಮಾತ್ರ ಬೇರೆ.

ಆದರೆ ಕಳವಿಗೂ ಮೋಸಕ್ಕೂ ಈ ಕಾಯಿದೆ ಒಂದು ಭೇದವನ್ನು ಮಾಡುತ್ತದೆ; ಜನ ಅದನ್ನು ಅರಿಯದೆ ಕೆಡುತ್ತಾರೆ. ಕದ್ದ ಗಾಡಿಯನ್ನು ಎಷ್ಟೇ ಪ್ರಾಮಾಣಿಕವಾಗಿ, ಪೂರ್ಣ ಬೆಲೆ ಕೊಟ್ಟು ಕೊಂಡಿದ್ದರೂ ಒಡೆಯನಿಗೆ ಹಿಂತಿರುಗಿಸಲೇಬೇಕು. ಆದರೆ ಒಡೆಯನೇ ಮೋಸಹೋಗಿ, ಸುಳ್ಳು ಚೆಕ್ಕನ್ನು ನಂಬಿ ಗಾಡಿಯನ್ನು ಮಾರಿ ಒಪ್ಪಿಸಿಬಿಟ್ಟಿದ್ದರೆ, ಅವನು ಆ ಕರಾರನ್ನು ರದ್ದುಗೊಳಿಸುವುದಕ್ಕೆ ಮುಂಚೆ ಸದ್ಭಾವದಿಂದ ಕೊಂಡ ಮೂರನೆಯವನಿಗೆ 29ನೆಯ ಕಲಮು ಒಳ್ಳೆಯ ಹಕ್ಕನ್ನೇ ಕೊಡುತ್ತದೆ. ಮೋಸಹೋದವನು ದೂರು ಕೊಡಲು ತಡಮಾಡಿದ ಪ್ರತಿಯೊಂದು ದಿನವೂ ಅವನ ಪಾಲಿಗೆ ನಷ್ಟವಾಗುವುದು ಈ ಕಾರಣದಿಂದ.

ಕದ್ದ ಗಾಡಿಯನ್ನು ಕೊಂಡು ಕಳೆದುಕೊಂಡವನ ಗತಿಯೇನು? 1923ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಸ್ಥಾನ ತೀರ್ಮಾನಿಸಿದ ಒಂದು ದಾವೆ ಇಂದಿಗೂ ವಕೀಲರ ಬಾಯಲ್ಲಿದೆ. 334 ಪೌಂಡುಗಳಿಗೆ ಕೊಂಡ ಕಾರನ್ನು ಕೆಲವು ತಿಂಗಳ ಅನಂತರ ಪೊಲೀಸರು ಕಳವಿನ ಮಾಲೆಂದು ಹಿಡಿದುಕೊಂಡು ಹೋದರು. ಅಷ್ಟು ತಿಂಗಳು ಕಾರನ್ನು ಬಳಸಿಕೊಂಡದ್ದಕ್ಕೆ ಏನನ್ನಾದರೂ ಕಳೆಯಬೇಡವೇ ಎಂದು ಮಾರಿದವನು ವಾದಿಸಿದನು. ಕೊಂಡವನು ಹಣ ಕೊಟ್ಟದ್ದು ಹಕ್ಕಿಗಾಗಿ, ಹಕ್ಕು ದೊರೆಯಲೇ ಇಲ್ಲ, ಆದಕಾರಣ ಬೆಲೆ ಪೂರ್ತಿಯಾಗಿ ಮರಳಬೇಕು ಎಂದು ನ್ಯಾಯಸ್ಥಾನ ಹೇಳಿತು. ನಮ್ಮ ಕಾಯಿದೆಯ 14ನೆಯ ಕಲಮಿನ ಹಿಂದೆ ಇರುವ ತತ್ತ್ವವೂ ಇದೇ. ತತ್ತ್ವವೇನೋ ಸರಿ, ಮಾರಿದವನು ಕೈಗೆ ಸಿಕ್ಕಿದರೆ ತಾನೆ!

ನೋಂದಣಿ ಪುಸ್ತಕ ಹಕ್ಕುಪತ್ರವಲ್ಲವೆಂದು ನ್ಯಾಯಸ್ಥಾನಗಳು ಎಷ್ಟು ಹೇಳಿದರೂ ಪೇಟೆಯವರು ಕೇಳಲಿಲ್ಲ. ಪುಸ್ತಕವಿಲ್ಲದೆ ಕಾರನ್ನು ಮಾರುವುದು ವ್ಯಾಪಾರದ ವಾಡಿಕೆಯ ರೀತಿಯೇ ಅಲ್ಲವೆಂದು 1950ರ ಹೊತ್ತಿಗೆ ಲಂಡನ್ನಿನ ನ್ಯಾಯಾಧೀಶರೂ ಒಪ್ಪಬೇಕಾಯಿತು. ಒಡೆಯನಿಂದ ಪುಸ್ತಕವನ್ನು ಉಪಾಯದಿಂದ ಲಪಟಾಯಿಸಿ ಕಾರನ್ನು ಮಾರಿಬಿಟ್ಟ ದಲ್ಲಾಳಿಯಿಂದ ಕೊಂಡವನಿಗೆ ಆ ವರ್ಷದ ಒಂದು ತೀರ್ಪಿನಲ್ಲಿ ಹಕ್ಕು ದೊರೆಯಲಿಲ್ಲ. ಅಮೆರಿಕದ ಸಂಸ್ಥಾನಗಳಾದರೋ ಬೇರೆ ದಾರಿ ಹಿಡಿದು, ನೋಂದಣಿಗಿಂತ ಭಿನ್ನವಾದ ಹಕ್ಕುಪತ್ರವೊಂದನ್ನು ಗಾಡಿಗೆ ಕೊಡತೊಡಗಿದುವು. ಅಲ್ಲಿನ ಮೋಸಗಾರನು ಪ್ರವಾಹದಲ್ಲಿ ಮುಳುಗಿದ ಗಾಡಿಯ ಹಕ್ಕುಪತ್ರವನ್ನು ಸಂಸ್ಥಾನದಿಂದ ಸಂಸ್ಥಾನಕ್ಕೆ ದಾಟಿಸಿ ಕಳಂಕವನ್ನು ತೊಳೆಯುತ್ತಾನೆ. ನಮ್ಮಲ್ಲಿ ಹಕ್ಕುಪತ್ರವೇ ಇಲ್ಲ, ಇರುವುದೊಂದು ಆರ್.ಸಿ. ಪುಸ್ತಕ. ಮೋಸಗಾರನ ಕೆಲಸವೆಲ್ಲ ಅದರ ಮೇಲೆಯೇ.

ಇನ್ನು ನಮ್ಮ ದೇಶದ ಚರಿತ್ರೆಯ ಮುಖ್ಯವಾದ ತಿರುವಿಗೆ ಬರೋಣ. 1939ರ ಮೋಟಾರು ವಾಹನ ಕಾಯಿದೆಯು ಒಡೆಯನೆಂಬ ಪದಕ್ಕೆ ಕೊಟ್ಟ ವಿವರಣೆ ಬಹಳ ಚಿಕ್ಕದು. ಗಾಡಿ ಅಪ್ರಾಪ್ತವಯಸ್ಕನ ಸ್ವಾಧೀನದಲ್ಲಿದ್ದರೆ ಅವನ ಪೋಷಕನು ಒಡೆಯ; ಕಂತಿನ ಕರಾರಿನ ಮೇಲೆ ಕೊಂಡಿದ್ದರೆ ಗಾಡಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡವನು ಒಡೆಯ. ರಿಜಿಸ್ಟರಿನ ಮಾತು ಆ ವಿವರಣೆಯಲ್ಲಿ ಇರಲಿಲ್ಲ. 1988ರ ಕಾಯಿದೆ (ಜಾರಿಗೆ ಬಂದದ್ದು 1989ರ ಜುಲೈ 1ರಂದು) ತನ್ನ 2ನೆಯ ಕಲಮಿನ 30ನೆಯ ಉಪಕಲಮಿನಲ್ಲಿ ಇದನ್ನು ಬದಲಿಸಿತು. ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವನೇ ಒಡೆಯ. ಅಪ್ರಾಪ್ತವಯಸ್ಕನ ಪೋಷಕನೂ, ಕಂತು, ಗುತ್ತಿಗೆ ಅಥವಾ ಅಡಮಾನದ ಕರಾರಿನ ಮೇಲೆ ಗಾಡಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡವನೂ ಇದಕ್ಕೆ ಅಪವಾದ. ಒಂದೇ ವಾಕ್ಯದ ಬದಲಾವಣೆ. ಆದರೆ ಒಡೆತನವು ಗಾಡಿಯ ಬಳಿಯಿಂದ ಕಚೇರಿಯ ಕಪಾಟಿಗೆ ಸ್ಥಳಾಂತರಗೊಂಡಿತು. ಈ ವಾಕ್ಯವನ್ನು ಅಂದು ಎಷ್ಟು ಮಂದಿ ಗಮನಿಸಿದರೋ ಕಾಣೆ.

ಹೀಗೆ ಬದಲಿಸಲು ಕಾರಣವಾದದ್ದು ಹಾದಿಯಲ್ಲಿ ಪೆಟ್ಟು ತಿಂದವನ ಕಷ್ಟವೆಂದು ನನಗೆ ತೋರುತ್ತದೆ. ಮೂರನೆಯವರ ಹಾನಿಗಾಗಿ ಕಡ್ಡಾಯದ ವಿಮೆ 1946ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಆದರೆ ಗಾಡಿ ಮಾರಾಟವಾದೊಡನೆ ವಿಮೆಯ ಗತಿಯೇನೆಂಬುದು ತೊಡಕಾಗಿತ್ತು. 1969ರ ತಿದ್ದುಪಡಿ ಅದಕ್ಕೊಂದು ಕ್ರಮವನ್ನು ಹಾಕಿಕೊಟ್ಟಿತು. 1988ರ ಕಾಯಿದೆಯ 157ನೆಯ ಕಲಮು, ಗಾಡಿಯೊಡನೆ ವಿಮೆಯೂ ಕೊಂಡವನಿಗೆ ದಾಟಿತೆಂದು ಭಾವಿಸತಕ್ಕದ್ದು ಎಂದಿತು. ಇದು ಮೂರನೆಯವರ ಹಾನಿಗೆ ಮಾತ್ರ ಅನ್ವಯಿಸುತ್ತದೆ. ಸ್ವಂತ ಗಾಡಿಯ ಹಾನಿಗೆ ವಿಮಾ ಕಂಪೆನಿಯೊಡನೆ ಹೊಸ ಹೆಸರಿನಲ್ಲಿ ಕರಾರಾಗದಿದ್ದರೆ ಕೊಂಡವನಿಗೆ ಬಿಡಿಗಾಸೂ ಹುಟ್ಟದೆಂದು ಸುಪ್ರೀಂ ಕೋರ್ಟು 1990ರ ದಶಕದಲ್ಲಿಯೇ ಸ್ಪಷ್ಟಪಡಿಸಿತು.

ಹೆಸರಿನ ಭಾರ ಎಷ್ಟೆಂಬುದನ್ನು 2018ರ ಫೆಬ್ರವರಿ 6ರ ತೀರ್ಪು ತೋರಿಸಿತು. ಒಂದು ಕಾರು 2007ರಿಂದ ಕೆಲವೇ ವರ್ಷಗಳಲ್ಲಿ ಹಲವರ ಕೈ ಬದಲಿಸಿತ್ತು. ಯಾರೂ ರಿಜಿಸ್ಟರಿನಲ್ಲಿ ಹೆಸರು ಬದಲಿಸಲಿಲ್ಲ. 2009ರಲ್ಲಿ ಆ ಕಾರು ಹಾದಿಯಲ್ಲಿ ಹೋಗುತ್ತಿದ್ದ ಇಬ್ಬರಿಗೆ ಬಡಿದು ಒಬ್ಬನ ಪ್ರಾಣ ಹೋಯಿತು. ಹೈಕೋರ್ಟು ರಿಜಿಸ್ಟರಿನ ಒಡೆಯನನ್ನು ಬಿಟ್ಟು, ಕೈಗಳ ಸಾಲಿನಲ್ಲಿ ಮುಂದಿದ್ದ ಒಬ್ಬನ ಮೇಲೆ ಹೊಣೆಯನ್ನು ಹೊರಿಸಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು ಬರೆದ ತೀರ್ಪು ಇದನ್ನು ತಿರುಗಿಸಿತು. ಸತ್ತವನ ಮನೆಯವರು ಮಾರಾಟದ ಮೇಲೆ ಮಾರಾಟ ನಡೆದ ಜಾಡನ್ನು ಹಿಡಿದು ಅಲೆಯಬೇಕೆನ್ನುವುದು ನ್ಯಾಯವಲ್ಲ. ರಿಜಿಸ್ಟರಿನಲ್ಲಿ ಹೆಸರಿರುವವನೇ ಪರಿಹಾರ ಕೊಡತಕ್ಕವನು. ಗಾಡಿಯನ್ನು ಮಾರಿ, ಹಣವನ್ನು ಎಣಿಸಿಕೊಂಡು, ಎರಡು ವರ್ಷಗಳಿಂದ ಅದರ ಮುಖವನ್ನೇ ಕಾಣದವನು ಹೀಗೆ ಒಂದು ಸಾವಿಗೆ ಹೊಣೆಗಾರನಾದನು. ಭುಕ್ತಿಯಿಲ್ಲ, ಆಗಮವೂ ದಾಟಿಹೋಗಿದೆ. ಉಳಿದಿರುವುದು ಹೆಸರು ಮಾತ್ರ. ವಿಜ್ಞಾನೇಶ್ವರನು ಈ ಸ್ಥಿತಿಯನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೂ ಸತ್ತವನ ಮನೆಯವರ ಕಡೆಯಿಂದ ನೋಡಿದರೆ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಮಾರಿದವನು ಎರಡು ಫಾರಂಗಳನ್ನು ಕಚೇರಿಗೆ ಮುಟ್ಟಿಸಬಹುದಾಗಿತ್ತು. ಸತ್ತವನಿಗೆ ಅಂತಹ ಯಾವ ಅವಕಾಶವೂ ಇರಲಿಲ್ಲ.

ಇದಕ್ಕೆ ಮಗ್ಗುಲಲ್ಲೇ ಇಡಬೇಕಾದ ತೀರ್ಪು 2020ರ ಜೂನ್ 18ರದು. ಅದರಲ್ಲಿ ಲಾರಿಯ ಒಡೆಯನು ಲಾರಿಯನ್ನು ಮಾರಲು ಕರಾರು ಮಾಡಿಕೊಂಡು ಒಪ್ಪಿಸಿಬಿಟ್ಟಿದ್ದನು, ಹೆಸರು ಬದಲಾಗಿರಲಿಲ್ಲ. ಲಾರಿ ಅಡ್ಡಬಂದ ಹಸುವನ್ನು ತಪ್ಪಿಸಲು ಹೋಗಿ ಹೊಳೆಗೆ ಬಿದ್ದಿತು. ಮಾರಿಬಿಟ್ಟವನಿಗೆ ಪರಿಹಾರವೇಕೆಂದು ವಿಮಾ ಕಂಪೆನಿ ಕೈಯಾಡಿಸಿತು. ರಿಜಿಸ್ಟರಿನಲ್ಲಿ ಹೆಸರಿರುವವರೆಗೆ ಅವನೇ ಒಡೆಯ, ಪರಿಹಾರವೂ ಅವನಿಗೇ ಸಲ್ಲತಕ್ಕದ್ದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಹೆಸರಿನ ಹೊರೆ ಯಾರದೋ ಹೆಸರಿನ ಫಲವೂ ಅವರದೇ.

ಬ್ಯಾಂಕಿನವರ ಪಾಡು ಇಲ್ಲಿ ಸ್ವಲ್ಪ ಬೇರೆ. ಸಾಲ ಕೊಟ್ಟ ಬ್ಯಾಂಕಿನ ಅಡಮಾನವನ್ನು 51ನೆಯ ಕಲಮಿನ ಪ್ರಕಾರ ಆರ್.ಸಿ.ಯಲ್ಲಿ ನಮೂದಿಸುತ್ತಾರೆ. ಹೀಗೆ ನಮೂದಾದ ಮಾತ್ರಕ್ಕೆ ಬ್ಯಾಂಕು ಅಪಘಾತಕ್ಕೆ ಹೊಣೆಯಾಗದು, ಗಾಡಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡ ಸಾಲಗಾರನೇ ಒಡೆಯನೆಂದು 2014ರ ಡಿಸೆಂಬರ್ 1ರ ತೀರ್ಪು ಹೇಳಿತು. ಅಡಮಾನದ ನಮೂದನ್ನು ತೆಗೆಯಲು 35ನೆಯ ಫಾರಂ ಬೇಕು. ಅದರ ಮೇಲೆ ಬ್ಯಾಂಕಿನ ಸಹಿಯೂ ಮೊಹರೂ ಇರಬೇಕು. ಕಾಗದದ ಕಾಲದಲ್ಲಿ ಎಷ್ಟೋ ಸುಳ್ಳು ಮೊಹರುಗಳು ಹುಟ್ಟಿದ್ದು ಇದಕ್ಕಾಗಿಯೇ. ಸಾಲ ತೀರಿಲ್ಲ, ಫಾರಂ ಮಾತ್ರ ತೀರಿತೆನ್ನುತ್ತದೆ, ಗಾಡಿ ಮೂರನೆಯವನಿಗೆ ಮಾರಾಟವಾಗುತ್ತದೆ. ನಾನೊಮ್ಮೆ ಇಂತಹ ಫಾರಂ ಒಂದನ್ನು ಕೈಯಲ್ಲಿ ಹಿಡಿದು ನೋಡಿದೆನು. ಮೊಹರು ನಮ್ಮದಕ್ಕಿಂತ ಅಚ್ಚುಕಟ್ಟಾಗಿತ್ತು. ಸಹಿ ಮಾಡಿದ ಅಧಿಕಾರಿ ಮಾತ್ರ ಆ ಶಾಖೆಯಲ್ಲಿ ಎಂದೂ ಇರಲಿಲ್ಲ.

ಇನ್ನೊಂದು ಬಗೆಯ ಮೋಸ ಗುಜರಿಯಿಂದ ಆರಂಭವಾಗುತ್ತದೆ. ಅಪಘಾತದಲ್ಲಿ ಸಂಪೂರ್ಣವಾಗಿ ಹಾಳಾದ ಗಾಡಿಯನ್ನು ವಿಮಾ ಕಂಪೆನಿಯ ಹರಾಜಿನಲ್ಲಿ ಅಗ್ಗಕ್ಕೆ ಕೊಳ್ಳುವುದು. ಬೇಕಾಗಿರುವುದು ಗಾಡಿಯಲ್ಲ, ಅದರ ಕಾಗದ. ಅದೇ ಮಾದರಿಯ, ಅದೇ ಬಣ್ಣದ ಗಾಡಿಯೊಂದನ್ನು ಕದಿಯುವುದು. ಅದರ ಚಾಸಿಯ ಮೇಲಿನ ಅಂಕೆಗಳನ್ನು ಅರದಿಂದ ಉಜ್ಜಿ, ಸತ್ತ ಗಾಡಿಯ ಅಂಕೆಗಳನ್ನು ಅಲ್ಲಿ ಕೊರೆಯುವುದು. ಹೀಗೆ ಸತ್ತ ಗಾಡಿ ಕದ್ದ ಗಾಡಿಯ ಮೈಯಲ್ಲಿ ಪರಕಾಯಪ್ರವೇಶ ಮಾಡುತ್ತದೆ. ಆದರೆ ಕಬ್ಬಿಣ ಸುಲಭವಾಗಿ ಮರೆಯುವುದಿಲ್ಲ. ಅಂಕೆಯನ್ನು ಒತ್ತಿದಾಗ ಅದರ ಕೆಳಗಿನ ಲೋಹದ ಕಣಗಳೂ ಅದುಮಿಹೋಗಿರುತ್ತವೆ. ಮೇಲ್ಮೈಯನ್ನು ಉಜ್ಜಿದ ಬಳಿಕ ಆಮ್ಲವನ್ನು ಸವರಿದರೆ ಅಲ್ಲಲ್ಲಿ ಹಳೆಯ ಅಂಕೆ ಮತ್ತೆ ಮೂಡಿಬರುತ್ತದೆ. ಹೀಗೆ ಸಿಕ್ಕಿಬಿದ್ದ ಗಾಡಿಯ ನೋಂದಣಿಯನ್ನು 55ನೆಯ ಕಲಮಿನ ಪ್ರಕಾರ ರದ್ದು ಮಾಡುತ್ತಾರೆ. ಮೋಸಕ್ಕೂ ಕೃತ್ರಿಮ ದಾಖಲೆಗೂ ಕದ್ದ ಮಾಲನ್ನು ಇಟ್ಟುಕೊಂಡದ್ದಕ್ಕೂ 2024ರ ಜುಲೈ 1ರ ಹಿಂದಿನ ಕೃತ್ಯವಾದರೆ ಹಳೆಯ ದಂಡಸಂಹಿತೆ, ಅನಂತರದ್ದಾದರೆ ಭಾರತೀಯ ನ್ಯಾಯಸಂಹಿತೆಯ 318, 336ರಿಂದ 340ರವರೆಗಿನ ಹಾಗೂ 317ನೆಯ ಕಲಮುಗಳು ಅನ್ವಯಿಸುತ್ತವೆ. ನಡುವೆ ಗಾಡಿಯೇನಾಗುತ್ತದೆ? ಠಾಣೆಯ ಅಂಗಳದಲ್ಲಿ ತುಕ್ಕು ಹಿಡಿಯುತ್ತದೆ. ಹೀಗೆ ಕೊಳೆಯಲು ಬಿಡದೆ ಗಾಡಿಯನ್ನು ಬೇಗನೆ ತಕ್ಕವರ ಸುಪರ್ದಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿತು. ದೆಹಲಿಯ ಯಾವುದೇ ಠಾಣೆಯ ಹಿತ್ತಲನ್ನು ಕಂಡವರು ಆ ಆದೇಶ ಎಷ್ಟು ಪಾಲನೆಯಾಗಿದೆಯೆಂಬುದನ್ನು ತಾವೇ ನಿರ್ಣಯಿಸಬಹುದು.

ನಮ್ಮವರಿಗೆ ಹೆಚ್ಚು ಸಂಬಂಧಿಸಿದ್ದು ಈ ಕಳ್ಳರ ವಿದ್ಯೆಗಿಂತ ನಮ್ಮದೇ ಅಲಕ್ಷ್ಯ. ಕಾಯಿದೆಯ 50ನೆಯ ಕಲಮಿನ ಪ್ರಕಾರ ಮಾರಿದವನು, ಕೊಂಡವನು ಅದೇ ರಾಜ್ಯದವನಾದರೆ 14 ದಿನಗಳೊಳಗೆ, ಹೊರರಾಜ್ಯವಾದರೆ 45 ದಿನಗಳೊಳಗೆ ತಿಳಿವಳಿಕೆ ಕೊಡಬೇಕು. ಕೊಂಡವನಿಗೆ 30 ದಿನಗಳ ಗಡುವು. 29ನೆಯ ಫಾರಂ ಮಾರಿದವನದು, 30ನೆಯದು ಕೊಂಡವನದು. ಹೊರರಾಜ್ಯದ ಗಾಡಿಗೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಪೇಟೆಯಲ್ಲಿ ನಡೆಯುವುದೇನು? ಮಾರುವವನು ಫಾರಂಗಳ ಮೇಲೆ ಖಾಲಿಯಾಗಿಯೇ ಸಹಿ ಮಾಡಿ ದಲ್ಲಾಳಿಗೆ ಒಪ್ಪಿಸುತ್ತಾನೆ. ದಲ್ಲಾಳಿ ತನ್ನ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ಬರೆದರೆ ಮಾಲೀಕರ ಸಂಖ್ಯೆ ಒಂದು ಹೆಚ್ಚುತ್ತದೆ, ಬೆಲೆ ಇಳಿಯುತ್ತದೆ. ಸಹಿಯಾದ ಖಾಲಿ ಕಾಗದ ಗಾಡಿಯ ಜೊತೆಯಲ್ಲಿ ಊರೂರು ಸುತ್ತುತ್ತದೆ. ದೆಹಲಿಯಲ್ಲಿ ಇದಕ್ಕೆ ಇನ್ನೊಂದು ಪ್ರೇರಣೆಯೂ ಸೇರಿತು. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೂ ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿಗಳಿಗೂ ಹಸಿರು ನ್ಯಾಯಮಂಡಳಿ 2014 ಮತ್ತು 2015ರಲ್ಲಿ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು (2025ರಲ್ಲಿ ಅದೇ ನ್ಯಾಯಸ್ಥಾನ ಸ್ವಲ್ಪ ಸಡಿಲಿಕೆ ತೋರಿತು). ಗಡುವು ಹತ್ತಿರವಾದ ಗಾಡಿಯನ್ನು ಸಿಕ್ಕಿದ ಬೆಲೆಗೆ ಹೊರರಾಜ್ಯಕ್ಕೆ ಸಾಗಿಸುವ ಆತುರದಲ್ಲಿ ಕಾಗದವನ್ನು ಕೇಳುವವರಾರು?

ಹೆಸರು ಬದಲಾಗದಿರುವುದು ಬಡವರ ಟೆಂಪೊಗಳಿಗೆ ಮಾತ್ರ ಅಂಟಿದ ರೋಗವೆಂದು ಭಾವಿಸಬಾರದು. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ತಡೆದು ನಿಲ್ಲಿಸಿದ ದುಬಾರಿ ಕಾರುಗಳಲ್ಲಿ ಒಂದು ರೋಲ್ಸ್ ರಾಯ್ಸ್ ಇತ್ತು. ದಾಖಲೆಯಲ್ಲಿ ಅದರ ಒಡೆಯರು ನಟ ಅಮಿತಾಭ್ ಬಚ್ಚನ್. ಅವರು ಅದನ್ನು 2019ರಲ್ಲಿಯೇ ಬೆಂಗಳೂರಿನ ಒಬ್ಬರಿಗೆ ಮಾರಿದ್ದರು. 2025ರಲ್ಲಿ ಆ ಕಾರೂ ಸೇರಿದಂತೆ ಎರಡು ರೋಲ್ಸ್ ರಾಯ್ಸ್ ಕಾರುಗಳಿಗಾಗಿ 38 ಲಕ್ಷ ರೂಪಾಯಿಗಳಿಗೂ ಮಿಕ್ಕಿ ವಿಧಿಸಲಾಯಿತೆಂದು ಪತ್ರಿಕೆಗಳು ಬರೆದುವು. ಬಚ್ಚನ್ನರ ಹೆಸರಾದದ್ದರಿಂದ ಸುದ್ದಿಯಾಯಿತು. ನಮ್ಮ ನಿಮ್ಮ ಹೆಸರಾಗಿದ್ದರೆ ನೋಟೀಸು ನೇರವಾಗಿ ಮನೆಗೆ ಬರುತ್ತಿತ್ತು.

ಸರ್ಕಾರ ಈ ಬಿರುಕನ್ನು ಮುಚ್ಚಲು ಮಾಡಿದ ಗಮನಾರ್ಹ ಪ್ರಯತ್ನ 2022ರ ಡಿಸೆಂಬರಿನ ನಿಯಮಗಳು. ಅವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದುವು. ಹಳೆಯ ಗಾಡಿಗಳ ವ್ಯಾಪಾರಿ ಅಧಿಕಾರಪತ್ರ ಪಡೆಯಬೇಕು. ಗಾಡಿ ತನ್ನ ಕೈಗೆ ಬಂದೊಡನೆ ಮಾರಿದವನೂ ತಾನೂ ಸೇರಿ ಕಚೇರಿಗೆ ತಿಳಿಸಬೇಕು. ಅಂದಿನಿಂದ ಮುಂದಿನ ಮಾರಾಟದವರೆಗೆ ವ್ಯಾಪಾರಿಯೇ ಒಡೆಯನೆಂದು ಭಾವಿಸತಕ್ಕದ್ದು. ಮಾರಿದವನ ಹೆಸರಿಗೂ ಕೊಂಡವನ ಹೆಸರಿಗೂ ನಡುವೆ ಇದ್ದ ಹೆಸರಿಲ್ಲದ ಮನುಷ್ಯನಿಗೆ ಕಾಯಿದೆಯು ಮೊಟ್ಟಮೊದಲ ಬಾರಿಗೆ ಒಂದು ಹೆಸರನ್ನು ಕೊಟ್ಟಿತು. ಇದು ಮಾರಿದವನನ್ನು ತೋರಿಸೆಂದ ಮಿತಾಕ್ಷರಾದ ಮಾತಿಗೆ ಬಹಳ ಹತ್ತಿರದ್ದು. ಅಧಿಕಾರಪತ್ರವಿಲ್ಲದ ದಲ್ಲಾಳಿಗೆ ಮಾರುವವರನ್ನು ಈ ನಿಯಮ ಕಾಪಾಡಲಾರದೆಂಬುದನ್ನೂ ಹೇಳಬೇಕು.

ಈ ವಿಷಯವನ್ನು ನಾನು ಹುಡುಕಿಕೊಂಡು ಹೋದದ್ದಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬಂದಿತು. ಬೆಂಗಳೂರಿನಿಂದ ವರ್ಗವಾಗಿ ಬರುವಾಗ ಕೆ.ಎ. ನಂಬರಿನ ಕಾರೊಂದನ್ನು ತಂದಿದ್ದೆನು. ಕೆಲವು ವರ್ಷಗಳ ಅನಂತರ, ಕಾಯಿದೆಯನ್ನು ಓದಿದವನೂ ಬ್ಯಾಂಕಿನ ಅಧಿಕಾರಿಯೂ ಆದ ನಾನೇ, ಖಾಲಿ ಫಾರಂಗಳಿಗೆ ಸಹಿ ಹಾಕಿ ಅದನ್ನು ಒಬ್ಬ ದಲ್ಲಾಳಿಗೆ ಕೊಟ್ಟೆನು. ನಿರಾಕ್ಷೇಪಣಾ ಪತ್ರವನ್ನು ತಾನೇ ತರಿಸುವೆನೆಂದು ಅವನು ಹೇಳಿದನು. ಎರಡು ವರ್ಷಗಳ ಬಳಿಕ ಮಥುರೆಯ ಹೆದ್ದಾರಿಯಲ್ಲಿ ಅತಿವೇಗದಿಂದ ಗಾಡಿ ಓಡಿಸಿದ್ದಕ್ಕಾಗಿ ನನ್ನ ಹೆಸರಿಗೆ ಚಲನ್ ಬಂದಿತು. ಆ ದಿನ ನಾನು ಶಾಖೆಯಲ್ಲಿ ಲೆಕ್ಕಪರಿಶೋಧಕರ ಎದುರಿಗೆ ಕುಳಿತಿದ್ದೆನು. ದಲ್ಲಾಳಿಯ ಅಂಗಡಿ ಇದ್ದ ಜಾಗದಲ್ಲಿ ಔಷಧಿಯಂಗಡಿ ಬಂದಿತ್ತು. ಪೊಲೀಸರಿಗೆ ಅರ್ಜಿ, ಬೆಂಗಳೂರಿನ ಸಾರಿಗೆ ಕಚೇರಿಗೆ ರಿಜಿಸ್ಟರ್ಡ್ ಅಂಚೆ, ಗಾಡಿಯ ಮೇಲೆ ಯಾವ ವ್ಯವಹಾರವನ್ನೂ ನಡೆಸಕೂಡದೆಂಬ ಕೋರಿಕೆ, ಇಷ್ಟನ್ನೂ ಮಾಡಿದೆನು. ಆ ರಾತ್ರಿಗಳಲ್ಲಿ ಆ ಕಾರು ಎಲ್ಲಿ, ಯಾರನ್ನು ಹೊತ್ತು, ಯಾವ ಕೆಲಸಕ್ಕೆ ಓಡುತ್ತಿದೆಯೋ ಎಂದು ಎಣಿಸುತ್ತ ಮಲಗಿದ್ದುದನ್ನು ಇಲ್ಲಿ ವಿವರಿಸಲಾರೆ. ನವೆಂಬರಿನ ಆ ಸುದ್ದಿಯಲ್ಲಿ ಗುರುಗ್ರಾಮದ ಮೊದಲ ಮಾಲೀಕರ ಮಾತು ಬಂದಾಗ ಪತ್ರಿಕೆಯನ್ನು ಕೆಳಗಿಡಲು ನನ್ನಿಂದ ಆಗಲಿಲ್ಲ.

ಕೋರಿಕೆ ಕಳುಹಿಸಿ ನಾಲ್ಕು ತಿಂಗಳಾದ ಮೇಲೆ ಒಂದು ದೂರವಾಣಿ ಕರೆ ಬಂದಿತು. ಕಾರನ್ನು ಹಿಡಿದಿದ್ದವರು ಓಖ್ಲಾ ಮಂಡಿಯ ಒಬ್ಬ ತರಕಾರಿ ವ್ಯಾಪಾರಿ. ಅವರು ನಾಲ್ಕನೆಯವರೋ ಐದನೆಯವರೋ ಅವರಿಗೂ ತಿಳಿಯದು. ಕಚೇರಿಯಲ್ಲಿ ಕೆಲಸ ಕೈಗೂಡದೆ, ಆರ್.ಸಿ.ಯಲ್ಲಿದ್ದ ಹೆಸರನ್ನು ಹಿಡಿದು ಅವರೇ ನನ್ನನ್ನು ಪತ್ತೆ ಮಾಡಿದ್ದರು. ತಮಗೆ ಮಾರಿದವನ ಕೈಬರಹದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಇಬ್ಬರೂ ಕೂಡಿ ಫಾರಂಗಳನ್ನು ಹೊಸದಾಗಿ ತುಂಬಿದೆವು. ನಿರಾಕ್ಷೇಪಣಾ ಪತ್ರ ಬರಲು ಮತ್ತೆರಡು ತಿಂಗಳು ಹಿಡಿಯಿತು. ಎಲ್ಲ ಮುಗಿದು ಹೊರಡುವಾಗ ಅವರು, ಕಾರಿನ ಇನ್ನೊಂದು ಕೀಲಿಕೈ ನಿಮ್ಮಲ್ಲೇ ಇದೆಯೇ ಸಾಹೇಬರೇ, ಎಂದು ಕೇಳಿದರು. ಅದು ನನ್ನ ಮೇಜಿನ ಖಾನೆಯಲ್ಲಿತ್ತು.